ಬುಧವಾರದ ಡಾಕ್ಟ್ರಮ್ಮ ಮತ್ತು ಹನ್ನೊಂದು ಹಲ್ಲು

ನಾನು ಓದು ನಿಲ್ಲಿಸಿದ್ದು 1985ರಲ್ಲಿ, ಏಳನೇ ತರಗತಿ ಮುಗಿಯುವ ಮೊದಲೇ. ಆ ವರ್ಷದಿಂದ ನನ್ನ ಕೈಗೆ ಸ್ವಂತ ಬಣ್ಣ ಅನ್ನುವುದು ಉಳಿದಿಲ್ಲ. ಯಾವ ಸೀರೆಗೆ ರೇಷ್ಮೆ ಅದ್ದುತ್ತೇನೋ ಆ ವಾರ ಆ ಬಣ್ಣ. ಡಾಕ್ಟ್ರಮ್ಮನ ಕೈ ಇದಕ್ಕೆ ತೀರಾ ಉಲ್ಟಾ. ತೊಳೆದು ತೊಳೆದು ಬೆರಳ ತುದಿಗಳು ಬಿಳಿಚಿ, ನೀರಲ್ಲಿ ನೆನೆದ ಶೇಂಗಾಬೀಜದ ಹಾಗೆ ಸುಕ್ಕುಗಟ್ಟಿದ್ದವು. ಆ ಕೈ ಮುಖದ ಹತ್ತಿರ ಬಂದರೆ ಲವಂಗದೆಣ್ಣೆಯ ವಾಸನೆ. ಒಮ್ಮೆ ನನ್ನ ಕೈಯನ್ನೂ ತಮ್ಮ ಕೈಯನ್ನೂ ಪಕ್ಕಪಕ್ಕ ಇಟ್ಟು, "ನೋಡ್ರಿ ಬಣ್ಣದ ಯಜಮಾನ್ರೇ, ಇಬ್ರದ್ದೂ ನೀರಲ್ಲಿ ಹಾಳಾದ ಕೈ" ಅಂದಿದ್ದರು. ಚಳ್ಳಕೆರೆಯ ಹಲ್ಲಿನ ಡಾಕ್ಟರು, ನನ್ನಂಥವನಿಗೆ ಯಜಮಾನ್ರೇ ಅಂದಾಗ ನಾನು ಎಷ್ಟು ಉಬ್ಬಿದೆ ಎಂದು ಈಗ ನೆನೆಸಿಕೊಂಡರೆ ತಲೆ ಎತ್ತಲಾಗುವುದಿಲ್ಲ.

ಅವರು ಕುಳ್ಳಗಿದ್ದರು. ರೋಗಿಯ ಕುರ್ಚಿಯ ಪಕ್ಕದಲ್ಲಿ ಒಂದು ಮಣೆ ಇಟ್ಟುಕೊಂಡು, ಅದರ ಮೇಲೆ ನಿಂತು ಹಲ್ಲು ಕೀಳುತ್ತಿದ್ದರು. ಕನ್ನಡಕಕ್ಕೆ ಕರಿ ದಾರ. ಸೆರಗನ್ನು ಸೊಂಟಕ್ಕೆ ಬಿಗಿದರೆಂದರೆ ಹಲ್ಲಿನ ಗತಿ ಮುಗಿಯಿತು ಅಂತ ಅರ್ಥ. ಎಲ್ಲರಿಗೂ ಒಂದೇ ಮಾತು: "ನೋವಾದ್ರೆ ಎಡಗೈ ಎತ್ರಿ, ನಿಲ್ಲಿಸ್ತೀನಿ." ಡಾಕ್ಟರುಗಳು ಹೀಗೆ ಹೇಳುವುದುಂಟು, ನಿಲ್ಲಿಸುವುದಿಲ್ಲ. ಇವರು ನಿಲ್ಲಿಸುತ್ತಿದ್ದರು. ಹಲ್ಲು ಅರ್ಧ ಸಡಿಲವಾಗಿದ್ದರೂ ಸರಿ, ಮಣೆಯ ಮೇಲೆ ಇಕ್ಕಳ ಹಿಡಿದುಕೊಂಡು ನಿಂತು, ಶೇಂಗಾ ರೇಟು ವಿಚಾರಿಸುತ್ತ, ರೋಗಿ ಕೈ ಇಳಿಸುವವರೆಗೆ ಕಾಯುತ್ತಿದ್ದರು.

ನಮಗೂ ಅವರಿಗೂ ನಂಟು ಬಿದ್ದದ್ದು 1998ರಲ್ಲಿ, ನನ್ನ ಅಕ್ಕನ ಹಲ್ಲಿನಿಂದ. ನಮ್ಮದು ಮೊಳಕಾಲ್ಮೂರು. ಅವ್ವ ತೀರಿಕೊಂಡ ಮೇಲೆ ಮನೆಯ ಮೊದಲ ಮಗ್ಗ ಅಕ್ಕನದು. ಹಿಂದಿನ ಹಿತ್ತಲಲ್ಲಿ ನಾನು ನೂಲಿಗೆ ಬಣ್ಣ ಹಾಕುತ್ತಿದ್ದೆ, ಒಳಗೆ ಅವಳು ನೇಯುತ್ತಿದ್ದಳು. ಅವಳ ಎಡಗಡೆ ಕೆಳದವಡೆಯ ಕೊನೇ ಹಲ್ಲು ಅಡ್ಡ ಬೆಳೆದು ಗಲ್ಲ ಊದಿತ್ತು. ಚಳ್ಳಕೆರೆಗೆ ಕರೆದುಕೊಂಡು ಹೋದೆ. ಎಣ್ಣೆ ಮಿಲ್ಲುಗಳ ಬೀದಿಯಲ್ಲಿ, ಹಿಂಡಿಯ ವಾಸನೆ ಒಳಗೂ ಬರುತ್ತಿದ್ದ ಆ ಪುಟ್ಟ ಆಸ್ಪತ್ರೆಯಲ್ಲಿ, ಡಾಕ್ಟ್ರಮ್ಮ ಮುಕ್ಕಾಲು ಗಂಟೆ ಹೆಣಗಿ ಅದನ್ನು ತೆಗೆದರು.

ಊತ ಇಳಿಯಿತು. ತುಟಿಗೆ ಮಾತ್ರ ಸ್ಪರ್ಶ ಮರಳಲಿಲ್ಲ. ಕೆಳತುಟಿಯ ಎಡ ಅರ್ಧ, ಗದ್ದದ ಎಡ ಅರ್ಧ. "ಯಾರೋ ಮೇಣ ಬಳದಂಗೈತೆ ಕಣೋ" ಅಂದಳು ಅಕ್ಕ. ಬೇರೆಯವರಿಗಾದರೆ ಬಿಸಿ ಚಹಾ ಕುಡಿಯುವಾಗ ಒಂದಿಷ್ಟು ಎಚ್ಚರ ಸಾಕು. ನೇಯುವವರಿಗೆ ಹಾಗಲ್ಲ. ಮಗ್ಗದ ಮೇಲೆ ಎಳೆ ಕಡಿದಾಗ ಅದರ ತುದಿಯನ್ನು ತುಟಿಯಲ್ಲಿ ಕಚ್ಚಿ, ಒದ್ದೆ ಮಾಡಿ, ಹೊಸೆದು ಗಂಟು ಹಾಕಬೇಕು. ಕೈ ಎರಡೂ ಕೆಲಸದಲ್ಲಿರುವಾಗ ತುಟಿಯೇ ಮೂರನೇ ಕೈ. ಒಂದು ದಿನ ಅಕ್ಕ ಬಿಳಿ ಅಂಚಿನ ಮೇಲೆ ಒಂದು ಕೆಂಪು ಹನಿ ಕಂಡು, "ಇದೆಲ್ಲಿಂದ ಬಂತಲೇ? ನಿನ್ನ ಬಣ್ಣ ಸಿಡೀತೇನು?" ಅಂತ ನನ್ನ ಮೇಲೆ ರೇಗಿದಳು. ನಾನು ಅವಳ ಮುಖ ನೋಡಿದೆ. ಜರಿ ಎಳೆ ಅವಳ ತುಟಿಯನ್ನು ಸೀಳಿ ರಕ್ತ ಗದ್ದಕ್ಕೆ ಇಳಿದಿತ್ತು. ಅವಳಿಗೆ ಗೊತ್ತೇ ಇರಲಿಲ್ಲ.

ಮಾರನೇ ದಿನ ಚಳ್ಳಕೆರೆಗೆ ಹೋಗಿ, ರೋಗಿಗಳ ಎದುರಿಗೇ ಡಾಕ್ಟ್ರಮ್ಮನಿಗೆ ಎರಡು ಮಾತು ಜೋರಾಗಿ ಆಡಿ ಬಂದೆ. ಆ ಬುಧವಾರ ಅವರು ಆಸ್ಪತ್ರೆಗೆ ಬೀಗ ಹಾಕಿ, ಬಸ್ಸು ಹಿಡಿದು, ನಮ್ಮ ಮನೆ ಹುಡುಕಿಕೊಂಡು ಬಂದರು. ಚಪ್ಪಲಿ ಬಿಟ್ಟು ಒಳಗೆ ಬಂದವರು ಕುರ್ಚಿ ಕೇಳಲಿಲ್ಲ. ಅಕ್ಕ ಕಾಲು ಇಳಿಬಿಟ್ಟು ಕೂತಿದ್ದ ಮಗ್ಗದ ಗುಂಡಿಯ ಪಕ್ಕ ನೆಲದ ಮೇಲೇ ಕೂತರು.

"ಮನೆಗೆ ಬಂದು ನಾಟಕ ಆಡ್ತೀರೇನ್ರಿ? ಅಷ್ಟು ದೊಡ್ಡ ಬೋರ್ಡ್ ಹಾಕ್ಕಂಡಿದ್ದೀರಲ್ಲ!" ಅಂದೆ ನಾನು.

"ಬೋರ್ಡ್ ಹಾಕ್ಕೊಂಡಿರೋದ್ರಿಂದ್ಲೇ ಬಂದೆ ಕಣಪ್ಪ" ಅಂದರು. ಆಮೇಲೆ ಅಕ್ಕನ ಕಡೆ ತಿರುಗಿದರು. "ಆ ಹಲ್ಲಿನ ಬೇರು ನರದ ಮೇಲೇ ಕೂತಿತ್ತಮ್ಮ. ಎಕ್ಸ್‌ರೇಲಿ ನನಗೆ ಕಂಡಿತ್ತು. ದಾವಣಗೆರೆಗೆ ಕಳಿಸಬೇಕಿತ್ತು. ಇದೇನು ಮಹಾ, ನಾನೇ ತೆಗೀತೀನಿ ಅಂತ ಕೈ ಹಾಕಿದೆ. ನರಕ್ಕೆ ಪೆಟ್ಟಾಗಿದೆ. ಸ್ಪರ್ಶ ಬರಬಹುದು, ಬರದೇನೂ ಇರಬಹುದು. ತಪ್ಪು ನನ್ನದು."

ನಾನು ಇನ್ನೊಂದು ಬೈಗುಳಕ್ಕೆ ಬಾಯಿ ತೆರೆದಿದ್ದೆ. ಅಕ್ಕ ಲಾಳಿಯನ್ನು ಬದಿಗಿಟ್ಟು, "ಲೇ, ಸುಮ್ನಿರಲೇ" ಅಂದಳು. "ತಪ್ಪಾತು ಅನ್ನೋಕೆ ಬಸ್ ಹತ್ತಿ ಬಂದೋರ್ನ ನಾನು ಇವತ್ತೇ ಕಂಡಿದ್ದು. ಉಂಡು ಹೋಗ್ಲಿ. ಮುದ್ದೆ ಉಣ್ತೀರೇನ್ರಿ ಅಮ್ಮಾ?"

"ನುಂಗೋಕೆ ಬರಲ್ಲ, ಅಗಿದು ತಿಂತೀನಿ" ಅಂದರು ಡಾಕ್ಟ್ರಮ್ಮ.

"ಹಲ್ಲು ಡಾಕ್ಟ್ರಲ್ವಾ ಮತ್ತೆ!" ಅಂತ ಅಕ್ಕ ನಕ್ಕಳು. ನಗುವಾಗ ಅವಳ ತುಟಿಯ ಎಡಗಡೆ ಯಾರದ್ದೋ ತುಟಿಯ ಹಾಗೆ ಇತ್ತು.

ಅಲ್ಲಿಂದ ಪ್ರತಿ ಬುಧವಾರ ಬರತೊಡಗಿದರು. ಅಕ್ಕನಿಗೆ ಕಣ್ಣು ಮುಚ್ಚಿಸಿ, ಕಡ್ಡಿಗೆ ಸುತ್ತಿದ ಹತ್ತಿಯ ತುದಿಯನ್ನು ತುಟಿಗೆ ಮುಟ್ಟಿಸಿ, "ಇಲ್ಲಿ ಗೊತ್ತಾಯ್ತಾ? ಇಲ್ಲಿ?" ಎಂದು ಕೇಳುವರು. ಒಂದು ನೋಟ್‌ಬುಕ್ಕಿನಲ್ಲಿ ತುಟಿಯ ಚಿತ್ರ ಬರೆದು, ಸ್ಪರ್ಶ ಎಲ್ಲಿ ನಿಲ್ಲುತ್ತದೋ ಅಲ್ಲಿಗೆ ಗೆರೆ ಎಳೆಯುವರು. ಗೆರೆ ಮೊದಲ ವರ್ಷ ಕೂದಲೆಳೆಯಷ್ಟು ಸರಿಯಿತು. ಆಮೇಲೆ ಕದಲಲಿಲ್ಲ. ಡಾಕ್ಟ್ರಮ್ಮ ಬಂದಿದ್ದಾರೆಂದು ಅಕ್ಕಪಕ್ಕದವರು ಹಲ್ಲು ಹಿಡಿದುಕೊಂಡು ಬರತೊಡಗಿದರು. ನಮ್ಮ ಹೊರಗಿನ ಕೋಣೆಯೇ ಬುಧವಾರದ ಆಸ್ಪತ್ರೆಯಾಯಿತು. ಇನ್ನೊಂದು ಮಣೆ ಮಾಡಿಸಿಕೊಟ್ಟೆ. ಮಣೆಗೆ ದುಡ್ಡು ಕೊಡಲು ಬಂದರು, ನಾನು ತೆಗೆದುಕೊಳ್ಳಲಿಲ್ಲ. ಬೈದದ್ದನ್ನು ನಾನು ವಾಪಸು ತೆಗೆದುಕೊಂಡ ರೀತಿ ಅದು. ಬಾಯಲ್ಲಿ ಹೇಳಲು ಆಗಲೂ ನನಗೆ ಬರಲಿಲ್ಲ.

ಹೀಗೇ ಏಳು ವರ್ಷ ಹೋಯಿತು. 2005ರಲ್ಲಿ ಒಂದು ಬುಧವಾರ ಅವರು ಜಗಲಿಯ ಮೇಲೆ ಕೂತು ಹೊಸ ವಿಷಯ ಹೇಳಿದರು. ಬೆಂಗಳೂರಿನ ಒಂದು ಪ್ರಯೋಗಶಾಲೆಯಲ್ಲಿ ಅವರ ಪರಿಚಯದವರೊಬ್ಬರಿದ್ದರು. ಅಲ್ಲಿ, ಕಿತ್ತ ಹಲ್ಲಿನ ಒಳಗಿನ ತಿರುಳಿನಿಂದ ನರದ ಕಣ ಬೆಳೆಸಲು ನೋಡುತ್ತಿದ್ದರು.

"ಕಿತ್ತ ಹಲ್ಲಿಂದ ನರಾನಾ?" ಅಂದೆ.

"ಹಲ್ಲು ಹೊರಗೆ ಕಲ್ಲು, ಒಳಗೆ ಮಾಂಸ. ಆ ತಿರುಳಿನಲ್ಲಿ ಇನ್ನೂ ಯಾವ ಕೆಲಸಕ್ಕೂ ಸೇರದೇ ಇರೋ ಕಣಗಳಿರ್ತವೆ. ನಿಮ್ಮ ಭಾಷೇಲಿ ಹೇಳ್ಬೇಕಂದ್ರೆ, ಇನ್ನೂ ಬಣ್ಣ ಹಾಕದ ಬಿಳಿ ನೂಲು. ಯಾವ ಬಣ್ಣ ಬೇಕಾದ್ರೂ ಆಗಬಹುದು. ಅವಕ್ಕೆ ಬೇಕಾದ ಆಹಾರ ಕೊಟ್ಟು ಸಾಕಿದ್ರೆ ನರದ ಕಣ ಆಗ್ತವೆ."

ಅದಕ್ಕೆ ಕಾಂಡಕೋಶ ಅನ್ನುತ್ತಾರೆಂದು ಆಮೇಲೆ ಪೇಪರಿನಲ್ಲಿ ಓದಿದೆ. ಆ ದಿನ ನನಗೆ ಹಿಡಿಸಿದ್ದು ನೂಲಿನ ಮಾತು. ನನಗೆ ತಿಳಿಯಲೆಂದು ಅವರು ನನ್ನ ಕಸುಬಿನ ಹೋಲಿಕೆ ಹುಡುಕಿ ಹೇಳಿದ್ದರು. ನಾನು ಅದನ್ನು ಹೋಲಿಕೆ ಅಂತ ತೆಗೆದುಕೊಳ್ಳಲಿಲ್ಲ.

ಕೆಲವು ದಿನಕ್ಕೆ, ಸೀರೆ ಕೊಡಲು ಚಳ್ಳಕೆರೆಗೆ ಹೋಗಿದ್ದಾಗ ನನ್ನ ಕೊನೇ ಹಲ್ಲೇ ಎದ್ದು ಕುಣಿಯಿತು. ಡಾಕ್ಟ್ರಮ್ಮ ಅಲ್ಲೇ ಕಿತ್ತು, ಕಾಗದ ಓದಿ ಹೇಳಿ, ನನ್ನ ಸಹಿ ಪಡೆದು ಬೆಂಗಳೂರಿಗೆ ಕಳಿಸಿದರು. ಎರಡು ಮೂರು ತಿಂಗಳ ಮೇಲೆ ಒಂದು ಫೋಟೋ ತಂದು ತೋರಿಸಿದರು. ಕಪ್ಪು ಹಿನ್ನೆಲೆಯಲ್ಲಿ ಹಸಿರು ಹಸಿರು ಚುಕ್ಕಿ, ಒಂದೊಂದು ಚುಕ್ಕಿಯಿಂದಲೂ ಉದ್ದನೆಯ ಎಳೆ ಹೊರಟಿತ್ತು.

"ಇದು ನಿಮ್ಮದು ಯಜಮಾನ್ರೇ. ಬೆಂಗಳೂರಿನೋರಿಗೆ ಬರೀ ನಂಬರು, ಹೆಸರು ನನ್ನ ಪುಸ್ತಕದಲ್ಲಿ ಮಾತ್ರ. ನರದ ಕಣ ಹೌದೋ ಅಲ್ವೋ ಅಂತ ಬಣ್ಣ ಹಾಕಿ ನೋಡ್ತಾರೆ. ಬಣ್ಣ ಹಿಡಿದ್ರೆ ಹೌದು."

ಊರಿಗೆಲ್ಲ ಹೇಳಿಕೊಂಡು ತಿರುಗಿದೆ. ಏಳನೇ ಕ್ಲಾಸು ಬಿಟ್ಟವನ ಹಲ್ಲು ಬೆಂಗಳೂರಿನಲ್ಲಿ ಓದುತ್ತಿದೆ ಅಂದೆ. ಆದರೆ ಆ ಫೋಟೋ ನೋಡಿದಾಗ ಇನ್ನೊಂದು ಮಾತು ನನ್ನ ಮನಸ್ಸಿಗೆ ಬಂದಿತ್ತು, ಅದನ್ನು ಯಾರಿಗೂ ಹೇಳಲಿಲ್ಲ. ಬಣ್ಣ ಎಲ್ಲ ಕಡೆ ಹಿಡಿದಿರಲಿಲ್ಲ. ಕೆಲವು ಚುಕ್ಕಿ ಗಾಢ, ಕೆಲವು ತೆಳು, ಕೆಲವು ಖಾಲಿ. ಇಂಥ ನೂಲು ನಮ್ಮಲ್ಲಿ ಬಂದರೆ ಒಂದೇ ಕಾರಣ: ಗೋಂದು ಬಿಡಿಸಿಲ್ಲ. ಗೂಡಿನಿಂದ ತೆಗೆದ ಹಸಿ ರೇಷ್ಮೆಯ ಮೈಗೆ ಹುಳು ಬಿಟ್ಟ ಗೋಂದು ಅಂಟಿರುತ್ತದೆ. ಸೋಪು, ವಾಷಿಂಗ್ ಸೋಡಾ ಹಾಕಿದ ನೀರಲ್ಲಿ ಅದನ್ನು ಮುಕ್ಕಾಲು ಗಂಟೆ ಕುದಿಸಿದರೆ ಗೋಂದು ಕರಗಿ ಹೋಗಿ ಒಳಗಿನ ಹೊಳಪು ಬರುತ್ತದೆ. ಆಮೇಲೇ ಬಣ್ಣ. ಅಷ್ಟು ಮಾಡದೆ ಬಣ್ಣಕ್ಕೆ ಅದ್ದಿದರೆ ಮಚ್ಚೆ ಮಚ್ಚೆ. ಇಷ್ಟು ಓದಿದವರಿಗೆ ಇಷ್ಟೂ ಗೊತ್ತಿಲ್ಲವಲ್ಲ ಅಂತ ನನಗೆ ಒಳಗೊಳಗೇ ಒಂದು ಖುಷಿ.

ಆಗಲೇ ಡಾಕ್ಟ್ರಮ್ಮ ಮೊಳಕಾಲ್ಮೂರಿನ ಹಲ್ಲುಗಳನ್ನೂ ಕಳಿಸಬೇಕೆಂದು ಹೊರಟರು. ಕಿತ್ತ ಹಲ್ಲು ಅಂದೇ ಬೆಂಗಳೂರಿನ ದಾರಿ ಹಿಡಿಯಬೇಕು. ಅವರಿಗೆ ಸಂಜೆವರೆಗೂ ನಮ್ಮ ಕೋಣೆಯಲ್ಲಿ ರೋಗಿಗಳು. "ನಾನು ಬುಧವಾರ ಮಧ್ಯಾಹ್ನದ ಬಸ್ಸಿಗೆ ಹೆಂಗೂ ಚಳ್ಳಕೆರೆಗೆ ಹೋಗ್ತೀನಲ್ರಿ, ಅಲ್ಲಿ ಬೆಂಗಳೂರು ಬಸ್ಸಿನೋರ ಕೈಗೆ ಕೊಟ್ರಾತು" ಅಂದೆ. ಅವರು ನನಗೊಂದು ನೀಲಿ ಫ್ಲಾಸ್ಕು ಕೊಟ್ಟರು. ಅದರಲ್ಲಿ ಐಸು, ಐಸಿನ ನಡುವೆ ಬೆರಳುದ್ದದ ಬಾಟಲಿ, ಬಾಟಲಿಯೊಳಗೆ ಕೆಂಪು ನೀರು, ನೀರೊಳಗೆ ಹಲ್ಲು.

"ಮೂರೇ ಮಾತು" ಅಂದರು. "ತಣ್ಣಗಿರ್ಬೇಕು. ತಡ ಆಗ್ಬಾರ್ದು. ಮುಚ್ಚಳ ತೆಗೀಬಾರ್ದು."

"ಆತು ಬಿಡ್ರಿ, ಅದೇನು ದೊಡ್ಡ ವಿದ್ಯೇನಾ" ಅಂದೆ. ಮುಚ್ಚಳ ಯಾಕೆ ತೆಗೆಯಬಾರದು ಅಂತ ಕೇಳಲಿಲ್ಲ. ಕೇಳಿದರೆ ಗೊತ್ತಿಲ್ಲದವನು ಅನ್ನಿಸಿಕೊಳ್ಳುತ್ತೇನೆ. ಶಾಲೆ ಬಿಟ್ಟ ದಿನದಿಂದ ನಾನು ಯಾರನ್ನೂ ಯಾಕೆ ಅಂತ ಕೇಳಿದವನಲ್ಲ. ನೋಡಿ ಕಲಿತವನು. ಕೆಂಪು ನೀರು ನೋಡಿದೆ, ಅದು ಬಣ್ಣವೇ ಅಂದುಕೊಂಡೆ.

ಮೊದಲ ಬುಧವಾರ ಬಂದದ್ದು ಆಂಧ್ರದ ಕಡೆಯ ಒಬ್ಬ ಅಜ್ಜಿಯ ಮೊಮ್ಮಗಳ ಹಲ್ಲು. ಹಲ್ಲು ಕೊಡಲು ಅಜ್ಜಿ ಒಪ್ಪಲಿಲ್ಲ. "ನಾ ಮನವರಾಲಿ ಪಲ್ಲು ನೀಕೆಂದುಕಮ್ಮಾ? ಚೇತಬಡಿ ಚೇಸ್ತಾವಾ?" ಅಂತ ಜಗಳಕ್ಕೇ ನಿಂತಳು. ಮೊಮ್ಮಗಳ ಹಲ್ಲು ಒಯ್ದು ಮಾಟ ಮಾಡಿಸುತ್ತಾರೆಂದು ಅವಳ ಭಯ. ಡಾಕ್ಟ್ರಮ್ಮ ತಮ್ಮ ಮುರುಕು ತೆಲುಗಿನಲ್ಲಿ "ಲೇದವ್ವಾ, ಚದುವುಕೋಡಾನಿಕಿ" ಅಂದರು, ಓದುವುದಕ್ಕೆ. ಅಕ್ಕ ಒಳಗಿನಿಂದ ಕೂಗಿ, ತೆಲುಗಿನಲ್ಲೇ ತನ್ನ ತುಟಿಯ ಕತೆ ಹೇಳಿದ ಮೇಲೆ ಅಜ್ಜಿ ಮೆತ್ತಗಾದಳು.

ಅಷ್ಟು ಕಷ್ಟಪಟ್ಟು ಪಡೆದ ಹಲ್ಲು ಅದು. ನಾನು ಫ್ಲಾಸ್ಕನ್ನು ಹಿತ್ತಲಿಗೆ ಒಯ್ದೆ, ಮುಚ್ಚಳ ತೆಗೆದೆ. ಬೇರಿಗೆ ರಕ್ತ, ಮಾಂಸದ ಚೂರು ಅಂಟಿತ್ತು. ನಮ್ಮ ಊರಿನ ಹಲ್ಲು ಹೀಗೆ ಕೊಳಕಾಗಿ ಬೆಂಗಳೂರಿಗೆ ಹೋಗುವುದೇ? ತೆಳು ಬಟ್ಟೆಯ ಪುಟ್ಟ ಚೀಲದಲ್ಲಿ ಹಲ್ಲನ್ನು ಕಟ್ಟಿ, ಗೋಂದು ಬಿಡಿಸುವ ಹಂಡೆಯ ಕುದಿಯುವ ಸೋಡಾ ನೀರಲ್ಲಿ ಕಾಲು ಗಂಟೆ ಇಳಿಬಿಟ್ಟೆ.

"ಏನ್ರಿ ಅದು, ಹಲ್ಲು ಬೇಯಿಸ್ತಿದೀರಾ?" ಅಂದಳು ನನ್ನ ಹೆಂಡತಿ.

"ನಿಂಗೆ ಗೊತ್ತಾಗಲ್ಲ, ಸುಮ್ನಿರೇ" ಅಂದೆ. ಜೀವನವಿಡೀ ಬೇರೆಯವರಿಂದ ಕೇಳಿ ಮೈ ಉರಿದಿದ್ದ ಮಾತು ಅದು.

ತೆಗೆದು, ತಣ್ಣೀರಲ್ಲಿ ಜಾಲಿಸಿ, ಮತ್ತೆ ಕೆಂಪು ನೀರಿಗೆ ಹಾಕಿದೆ. ಹಲ್ಲು ಮಲ್ಲಿಗೆ ಮೊಗ್ಗಿನಷ್ಟು ಬೆಳ್ಳಗಾಗಿತ್ತು. ಸ್ವಲ್ಪ ಹೊತ್ತಿಗೆ ನೀರು ಕೆಂಪಿನಿಂದ ನೇರಳೆಗೆ ತಿರುಗಿತು. ಬಣ್ಣ ಏರುತ್ತಿದೆ ಅಂತ ಹಿಗ್ಗಿದೆ. ಬಸ್ಸಿನಲ್ಲಿ ಫ್ಲಾಸ್ಕನ್ನು ತೊಡೆಯ ಮೇಲೆ ಮಗುವಿನ ಹಾಗೆ ಇಟ್ಟುಕೊಂಡೆ. "ಏನಣ್ಣಾ, ಹಲ್ಲಿಗೆ ಅರ್ಧ ಟಿಕೆಟ್ ಹರೀಲಾ?" ಅಂದ ಕಂಡಕ್ಟರ್. "ಲೇ, ಇದು ನಿನ್ನ ಬಸ್ಸಿಗಿಂತ ದೊಡ್ಡ ಕೆಲಸ ಕಣಲೇ" ಅಂದೆ. ಒಂದು ದಿನ ಬೆಂಗಳೂರಿನವರೇ ಕೇಳುತ್ತಾರೆ, ಮೊಳಕಾಲ್ಮೂರಿನ ಹಲ್ಲಿಗೆ ಬಣ್ಣ ಇಷ್ಟು ಚೆನ್ನಾಗಿ ಹೇಗೆ ಹಿಡಿಯಿತು ಅಂತ. ಆಗ ಹೇಳಿದರಾಯಿತು. ಅಲ್ಲಿಯವರೆಗೆ ಬಾಯಿ ಬಿಡಬಾರದು. ಆ ಆಸೆಯಲ್ಲಿ ಬುಧವಾರದ ಮೇಲೆ ಬುಧವಾರ ಹತ್ತು ಹಲ್ಲು ಕುದಿಸಿದೆ.

ಹನ್ನೊಂದನೆಯದು ಅಕ್ಕನದು. ಬಲಗಡೆ ಮೇಲಿನ ಕೊನೇ ಹಲ್ಲು ಹುಳುಕಾಗತೊಡಗಿತ್ತು. ಡಾಕ್ಟ್ರಮ್ಮ ಹಿಂಜರಿದರು, ಬೇರೆ ಯಾರಿಂದಲಾದರೂ ತೆಗೆಸೋಣ ಅಂದರು. ಅಕ್ಕ ಬಿಡಲಿಲ್ಲ. "ಮೇಲ್ಗಡೆ ಆ ನರ ಇಲ್ಲ ಅಂತ ನೀವೇ ಹೇಳಿದ್ರಲ್ಲ. ತೆಗೀರಿ. ನಿಮ್ಮ ಕೈಲೇ ತೆಗಸ್ಕಂತೀನಿ." ಡಾಕ್ಟ್ರಮ್ಮ ಮಣೆ ಹತ್ತಿ, ಎಂದಿನ ಮಾತು ಹೇಳಿದರು. ಅಕ್ಕ ಎಡಗೈಯನ್ನು ತೊಡೆಯ ಮೇಲಿಂದ ಎತ್ತಲಿಲ್ಲ. ಹಲ್ಲು ಬಂದ ಮೇಲೆ ಹತ್ತಿ ಕಚ್ಚಿಕೊಂಡೇ ಅಂದಳು: "ಇದ್ರಾಗೆ ನರ ಬೆಳೆದ್ರೆ ನನ್ನ ತುಟಿಗೇ ಹಾಕ್ರಿ ಮತ್ತೆ. ಬ್ಯಾರೇರಿಗೆ ಕೊಟ್ಟುಗಿಟ್ಟೀರ."

ಡಾಕ್ಟ್ರಮ್ಮ ನಗಲಿಲ್ಲ. "ನಿಮ್ಮ ತುಟಿಗೆ ಆಗ್ತದೆ ಅಂತ ನಾನು ಹೇಳಲ್ಲಮ್ಮ. ಒಂದ್ಸಲ ಜಂಬ ಮಾಡಿ ಅನುಭವಿಸಿದ್ದೀನಿ. ಇನ್ನೂ ಗಾಜಿನ ತಟ್ಟೇಲಿ ನಡೀತಿರೋ ಕೆಲಸ ಅದು, ಮನುಷ್ಯರಿಗೆ ಬರೋಕೆ ಎಷ್ಟು ವರ್ಷವೋ. ಆದ್ರೆ ನಿಮ್ಮ ಹಲ್ಲಿಂದ ಜೀವ ಇರೋ ಕಣ ಸಿಕ್ಕಿದ್ರೆ, ಮುಂದೆ ಒಂದಿನ ಹೋಗಿ ಕೇಳೋಕಾದ್ರೂ ನಮಗೊಂದು ಬಾಯಿ ಇರ್ತದೆ" ಅಂದರು. ಆ ಬಾಟಲಿಯನ್ನು ನನ್ನ ಕೈಗೆ ಕೊಡುವಾಗ ಎರಡೂ ಕೈಯಿಂದ ಕೊಟ್ಟರು.

ಅಕ್ಕನ ಹಲ್ಲಲ್ಲವೇ. ಹೊಸ ಸೋಪು ಒಡೆದೆ. ಹಂಡೆಯ ನೀರು ಬದಲಿಸಿದೆ. ಉಳಿದವನ್ನೆಲ್ಲ ಕಾಲು ಗಂಟೆ ಕುದಿಸಿದವನು ಅದನ್ನು ಅರ್ಧ ಗಂಟೆ ಕುದಿಸಿದೆ.

ತಿಂಗಳೊಳಗೆ ಬೆಂಗಳೂರಿನಿಂದ ಒಬ್ಬ ಹೆಣ್ಣುಮಗಳು ಬಂದಳು, ಆ ಪ್ರಯೋಗಶಾಲೆಯಲ್ಲಿ ಹಲ್ಲಿನ ಕೆಲಸ ನೋಡಿಕೊಳ್ಳುತ್ತಿದ್ದವಳು. ಬುಧವಾರವೇ ಬಂದಳು. ನಮ್ಮ ಹೊರಗಿನ ಕೋಣೆಯಲ್ಲಿ ಡಾಕ್ಟ್ರಮ್ಮನ ಎದುರು ಕೂತು ಚೀಲದಿಂದ ಕಾಗದ ತೆಗೆದಳು. ನಾನು ಮಂಡಕ್ಕಿಯ ತಟ್ಟೆ ಹಿಡಿದು ನಿಂತಿದ್ದೆ. ಹೊಗಳುವ ಗಳಿಗೆ ಬಂತೆಂದು ತಲೆ ಬಾಚಿಕೊಂಡು ಬಂದಿದ್ದೆ.

"ಚಳ್ಳಕೆರೆ ಹಲ್ಲುಗಳು ಚೆನ್ನಾಗಿ ಬೆಳೀತಿವೆ ಮೇಡಂ. ಮೊಳಕಾಲ್ಮೂರಿಂದು ಒಂದೂ ಇಲ್ಲ. ಹನ್ನೊಂದಕ್ಕೆ ಹನ್ನೊಂದೂ ಸತ್ತು ಬಂದಿವೆ."

"ಬಿಸಿಲಿಗೆ ಐಸು ಕರಗ್ತಿರಬಹುದಾ?" ಅಂದರು ಡಾಕ್ಟ್ರಮ್ಮ.

"ಬಿಸಿಲಿಗೆ ಹಾಗಾಗಲ್ಲ. ಒಳಗಿನ ತಿರುಳು ಬೆಂದು ಹೋದ ಹಾಗಿದೆ. ಇನ್ನೊಂದು, ಕಣಗಳು ಬದುಕಿರೋಕೆ ಅಂತ ನಾವು ಕಳಿಸೋ ಕೆಂಪು ನೀರು ವಾಪಸ್ ಬಂದಾಗ ನೇರಳೆ ಆಗಿರುತ್ತೆ. ಸೋಡಾ ಥರದ್ದು ಸೇರಿದ್ರೆ ಮಾತ್ರ ಹಾಗಾಗೋದು."

ಡಾಕ್ಟ್ರಮ್ಮ ತಲೆ ಎತ್ತಿದರು. ಹಿಂದಿನ ಬಾಗಿಲು ತೆರೆದೇ ಇತ್ತು. ಅಲ್ಲಿ ಹಂಡೆ, ಹಂಡೆಯ ಪಕ್ಕ ಸೋಡಾ ಚೀಲ, ಹಗ್ಗದ ಮೇಲೆ ಒಣಗುತ್ತಿದ್ದ ಬೆರಳಷ್ಟು ಬಟ್ಟೆಯ ಚೀಲ. ಅವರು ಅದನ್ನೆಲ್ಲ ಒಂದೊಂದಾಗಿ ನೋಡಿದರು. ಆಮೇಲೆ ನನ್ನನ್ನು ನೋಡಿದರು. ನಾನು ಮಂಡಕ್ಕಿ ನೋಡುತ್ತ ನಿಂತೆ.

ಆ ಕ್ಷಣ ಎಷ್ಟು ಉದ್ದವಿತ್ತೆಂದರೆ ಬೇಕಾದರೆ ಮೂರು ಸಲ ಹೇಳಿ ಮುಗಿಸಬಹುದಿತ್ತು. ನಾನು ಕಣ್ರಿ, ಗೊತ್ತಾಗಲಿಲ್ಲ. ಇಷ್ಟೇ ಮಾತು.

"ತಪ್ಪು ನನ್ನದೇ ಇರಬೇಕು" ಅಂದರು ಡಾಕ್ಟ್ರಮ್ಮ. "ಸಾಮಾನು ಕುದಿಸೋ ಡಬ್ಬಿ ಪಕ್ಕಾನೇ ಬಾಟಲಿ ಇಡ್ತಿದ್ದೆ. ತುಕ್ಕು ಹಿಡೀಬಾರ್ದು ಅಂತ ಆ ನೀರಿಗೆ ಸೋಡಾ ಹಾಕ್ತೀನಿ. ಹಳೇ ಕಾಲದ ಅಭ್ಯಾಸ."

"ಮೇಡಂ, ನೀವಾ?" ಅಂದಳು ಆ ಹುಡುಗಿ. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಇವರನ್ನು ಏನೋ ಅಂದುಕೊಂಡಿದ್ದೆನಲ್ಲ ಅನ್ನುವ ಹಾಗಿತ್ತು. ಡಾಕ್ಟ್ರಮ್ಮ ಹೇಳಿದ್ದನ್ನೇ ಕಾಗದದಲ್ಲಿ ಬರೆದುಕೊಂಡಳು. ಸ್ವಲ್ಪ ದಿನಕ್ಕೆ ಚಳ್ಳಕೆರೆಯ ಹಲ್ಲುಗಳೂ ಇನ್ನು ಬೇಡ ಎಂದು ಅವರಿಗೆ ಪತ್ರ ಬಂತು.

ಆ ಹುಡುಗಿ ಬಂದು ಹೋದ ಮುಂದಿನ ಬುಧವಾರ ಡಾಕ್ಟ್ರಮ್ಮ ಮತ್ತೆ ಮಗ್ಗದ ಗುಂಡಿಯ ಪಕ್ಕ ನೆಲದ ಮೇಲೆ ಕೂತರು, ಏಳು ವರ್ಷದ ಹಿಂದೆ ಕೂತ ಜಾಗದಲ್ಲೇ. "ನಿಮ್ಮ ಹಲ್ಲು ಬೆಳೀಲಿಲ್ಲಮ್ಮ. ನನ್ನಿಂದ ಎರಡನೇ ಸಲ ತಪ್ಪಾಯ್ತು."

"ಬಿಡ್ರಿ ಅತ್ಲಾಗೆ" ಅಂದಳು ಅಕ್ಕ. "ನಿಮ್ಮ ಕೈಗೂ ನನ್ನ ಬಾಯಿಗೂ ಆಗಿಬರಲ್ಲ." ನಕ್ಕಳು. ಆದರೆ ಲಾಳಿ ತುಂಬ ಹೊತ್ತು ಸುಮ್ಮನಿತ್ತು. ಗೋಡೆಯ ಆಚೆ ಹಂಡೆಯ ಪಕ್ಕ ನಿಂತು ನಾನು ಪ್ರತಿ ಮಾತೂ ಕೇಳಿಸಿಕೊಂಡೆ. ನನ್ನ ತಪ್ಪಿಗೆ ಇನ್ನೊಬ್ಬರು ನೆಲದ ಮೇಲೆ ಕೂತು ಕ್ಷಮೆ ಕೇಳುತ್ತಿದ್ದರೆ ನಾನು ನೂಲು ಹಿಂಡುತ್ತಿದ್ದೆ.

ಅಂದೇ ಹೊರಡುವ ಮೊದಲು ಅವರು ಹಿತ್ತಲಿಗೆ ಬಂದರು. ಹಂಡೆಯಲ್ಲಿ ಇಣುಕಿದರು.

"ಇದ್ರಲ್ಲಿ ಎಷ್ಟು ಹೊತ್ತು ಕುದಿಸ್ತೀರಿ?"

"ಮುಕ್ಕಾಲು ಗಂಟೆ."

"ಗೋಂದೆಲ್ಲ ಹೋಗ್ತದೆ, ಅಲ್ವಾ? ಒಳಗಿನದು ಉಳೀತದಾ?"

"ಉಳೀತದಮ್ಮ. ರೇಷ್ಮೆ ಗಟ್ಟಿ."

"ಹೂಂ. ರೇಷ್ಮೆ ಉಳೀತದೆ" ಅಂದರು. ಅಷ್ಟೇ. ನನ್ನ ಕೆಂಪು ಕೈಯನ್ನು ಒಮ್ಮೆ ನೋಡಿ, ಚಪ್ಪಲಿ ಮೆಟ್ಟಿಕೊಂಡು ಬಸ್ಸಿಗೆ ಹೊರಟರು. ನನಗೆ ಒಂದು ಬಾಗಿಲು ತೆರೆದು, ನಾನು ಬರುವೆನೋ ಅಂತ ಸ್ವಲ್ಪ ಹೊತ್ತು ನಿಂತು ನೋಡಿ ಹೋದರು. ಬುಧವಾರಗಳನ್ನು ಆಮೇಲೂ ತಪ್ಪಿಸಲಿಲ್ಲ. ಆ ಮಾತು ಮತ್ತೆ ಎತ್ತಲೂ ಇಲ್ಲ. ನನ್ನನ್ನು ಯಜಮಾನ್ರೇ ಅನ್ನುವುದನ್ನೂ ಬಿಡಲಿಲ್ಲ. ಪ್ರತಿ ಸಲ ಅವರು ಹಾಗೆ ಕರೆದಾಗ ನನಗೆ ಕೆನ್ನೆಗೆ ಹೊಡೆದಂತಾಗುತ್ತಿತ್ತು.

2009ರಲ್ಲಿ ಅವರು ಕಾಯಿಲೆ ಬಿದ್ದರು, ಬರುವುದು ನಿಂತಿತು. ನಾನು ಚಳ್ಳಕೆರೆಗೆ ನೋಡಲು ಹೋದೆ. ಹೇಳಿಯೇ ಬರುವುದು ಅಂತ ಬಸ್ಸಿನುದ್ದಕ್ಕೂ ಮಾತು ಜೋಡಿಸಿಕೊಂಡಿದ್ದೆ. ಮಿಲ್ಲಿನ ಹಿಂದಿನ ಅವರ ಮನೆಯಲ್ಲಿ, ಕಿಟಕಿಯ ಪಕ್ಕದ ಮಂಚದ ಮೇಲೆ ಮಗುವಿನಷ್ಟಾಗಿ ಮಲಗಿದ್ದರು. ಲವಂಗದ ವಾಸನೆ ಹೋಗಿತ್ತು. ಬೆರಳಿನ ಸುಕ್ಕು ಮಾತ್ರ ಹಾಗೇ ಇತ್ತು.

"ಅಕ್ಕನ ತುಟಿ ಹೇಗಿದೆ?" ಅಂದರು ಮೊದಲಿಗೆ.

"ಹಂಗೇ ಐತ್ರಿ."

"ಗೆರೆ ನೋಡ್ತಿರಿ. ಬಿಡಬೇಡಿ." ಆಮೇಲೆ ಕಣ್ಣು ಮುಚ್ಚಿ ಕೇಳಿದರು: "ಏನಾದ್ರೂ ಹೇಳೋದಿತ್ತಾ ಯಜಮಾನ್ರೇ?"

ಮನೆಯಲ್ಲಿ ಬೇರೆ ಯಾರೂ ಇರಲಿಲ್ಲ. ಹಗಲು. ಸಮಯ ಬೇಕಾದಷ್ಟಿತ್ತು. "ಜರಿ ರೇಟು ಮತ್ತೆ ಏರೈತ್ರಿ" ಅಂದೆ.

"ಹೌದಾ" ಅಂದರು. ಒಂದು ವಾರಕ್ಕೆ ತೀರಿಕೊಂಡರು. ನಾನು ಮಣ್ಣಿಗೆ ಹೋಗಿದ್ದೆ. ಅವರಿಂದ ಹಲ್ಲು ಕೀಳಿಸಿಕೊಂಡ ಜನವೇ ಎಷ್ಟಿತ್ತೆಂದರೆ ನಾನು ಮುಂದೆ ಹೋಗಲಾಗಲಿಲ್ಲ. ಹೋಗಲು ನೋಡಲೂ ಇಲ್ಲ.

ಮನೆಗೆ ಬಂದು, ಸ್ನಾನ ಮಾಡಿ, ಮಗ್ಗದ ಮುಂದೆ ನಿಂತು ಅಕ್ಕನಿಗೆ ಎಲ್ಲ ಹೇಳಿದೆ. ಹಂಡೆ, ಚೀಲ, ಅರ್ಧ ಗಂಟೆ, ಮಂಡಕ್ಕಿ ತಟ್ಟೆ. ಅಕ್ಕ ಕೇಳಿಸಿಕೊಂಡಳು. ಕಡಿದ ಎಳೆಯೊಂದನ್ನು ಬಲಗಡೆ ತುಟಿಯಲ್ಲಿ ಕಚ್ಚಿ, ಹೊಸೆದು, ಗಂಟು ಹಾಕಿ ಮುಗಿಸಿದಳು.

"ಕುದಿಸಿದ್ದು ಬಿಡು" ಅಂದಳು. "ಗೊತ್ತಿರ್ಲಿಲ್ಲ, ಕುದಿಸ್ದೆ. ಆಯಮ್ಮ ತಾನು ಮಾಡಿದ್ದಕ್ಕೆ ಬಸ್ ಹತ್ತಿ ಬಂದ್ಲು. ನೀನು ಮಾಡಿದ್ದಕ್ಕೂ ಆಯಮ್ಮನೇ ನೆಲದ ಮ್ಯಾಲೆ ಕುಂತ್ಲು. ನಾನು ಅವ್ಳಿಗೆ ಏನಂದೆ ಗೊತ್ತೇನಲೇ? ನಿಮ್ಮ ಕೈಗೂ ನನ್ನ ಬಾಯಿಗೂ ಆಗಿಬರಲ್ಲ ಅಂದೆ. ಅದನ್ನ ಕೇಳಿಸ್ಕಂಡೂ ನೀನು ಸುಮ್ಕಿದ್ದೆ. ನನ್ನ ಬಾಯಿಂದ ಆ ಮಾತು ಆಡಿಸ್ದೆ."

ನಾನು ಮಗ್ಗದ ಗುಂಡಿಯ ಪಕ್ಕ ನೆಲದ ಮೇಲೆ ಕೂತೆ.

"ಇನ್ಮೇಲೆ ಬುಧವಾರ ನೀನೇ ಮುಟ್ಟಿ ನೋಡು" ಅಂದಳು.

ಅಂದಿನಿಂದ ನೋಡುತ್ತಿದ್ದೇನೆ. ಡಾಕ್ಟ್ರಮ್ಮ ನಮ್ಮ ಕೋಣೆಯ ಗೂಡಿನಲ್ಲಿ ಬಿಟ್ಟುಹೋದ ನೋಟ್‌ಬುಕ್ಕು ತೆಗೆಯುತ್ತೇನೆ. ಅಕ್ಕ ಕಣ್ಣು ಮುಚ್ಚುತ್ತಾಳೆ. ಹತ್ತಿಯ ತುದಿ ಮುಟ್ಟಿಸಿ ಕೇಳುತ್ತೇನೆ: ಇಲ್ಲಿ ಗೊತ್ತಾಯ್ತಾ? ಇಲ್ಲ ಅನ್ನುತ್ತಾಳೆ. ಇಲ್ಲಿ? ಇಲ್ಲ. ಗೆರೆ ಇದ್ದಲ್ಲೇ ಎಳೆದು ತಾರೀಖು ಹಾಕುತ್ತೇನೆ.

ಈಗ ನನ್ನ ಹತ್ತಿರ ಇರುವುದು ಇಷ್ಟು. ಮಗ್ಗ ನಾಲ್ಕು, ಹಂಡೆ ಮೂರು, ತಾರಸಿ ಮನೆ ಒಂದು. ಓದಿದ ಹೆಣ್ಣುಮಕ್ಕಳು ಇಬ್ಬರು. ಬಾಯಲ್ಲಿ ಹಲ್ಲು ಇಪ್ಪತ್ತೊಂಬತ್ತು. ಹಸಿರು ಚುಕ್ಕಿಗಳ ಫೋಟೋ ಒಂದು, ನೀಲಿ ಫ್ಲಾಸ್ಕು ಒಂದು, ಮಣೆ ಒಂದು. ತುಂಬಿದ ನೋಟ್‌ಬುಕ್ಕು ಐದು, ಅರ್ಧ ತುಂಬಿದ್ದು ಒಂದು.